ಅತ್ತೆಯ ಕೈ ಮುಟ್ಟಿದ ಬಲ್ಬು

ನಮ್ಮ ಕಾರಿನ ಎಡಗಡೆಯ ಹೆಡ್‌ಲೈಟು ಮೂರನೆಯ ಸಲ ಸುಟ್ಟುಹೋದದ್ದು ಲೊಕ್ಕನಹಳ್ಳಿ ರಸ್ತೆಯಲ್ಲಿ, ಕಾಡು ಶುರುವಾಗುವ ತಿರುವಿನ ಹತ್ತಿರ. ಸದ್ದೇನೂ ಆಗಲಿಲ್ಲ. ಎಡಗಡೆಯ ಹುಣಸೆಮರಗಳು, ಮೋರಿಯ ಕಟ್ಟೆ, ರಸ್ತೆಯಂಚಿನ ಬಿಳಿ ಗೆರೆ ಎಲ್ಲ ಇದ್ದಕ್ಕಿದ್ದಂತೆ ಇಲ್ಲವಾದವು. ನಾನು ಬಾಯಿಗೆ ಬಂದಂತೆ ಬೈದೆ. ಬೈದದ್ದು ಬಲ್ಬಿಗೋ, ಅದನ್ನು ಮಾರಿದ ಅಂಗಡಿಯವನಿಗೋ, ನನ್ನ ಹಣೆಬರಹಕ್ಕೋ ನನಗೇ ಸರಿಯಾಗಿ ಗೊತ್ತಿರಲಿಲ್ಲ.

"ನೀ ಬೈದ್ರೆ ಅದು ಹತ್ಕತದಾ? ನಿಧಾನಕ್ಕೆ ಓಡ್ಸು ಸೌಮ್ಯ," ಎಂದರು ಪಕ್ಕದ ಸೀಟಿನಲ್ಲಿ ಒರಗಿದ್ದ ನನ್ನ ಗಂಡ ಬಸವೇಶ. ಕಣ್ಣು ಬಿಡುವ ಶಕ್ತಿಯೂ ಅವರಲ್ಲಿ ಇರಲಿಲ್ಲ.

ಅವರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ಎರಡು ವರ್ಷವಾಗುತ್ತ ಬಂದಿದೆ. ವಾರಕ್ಕೆ ಮೂರು ದಿನ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಮಗೆ ಸಿಕ್ಕಿರುವುದು ಮಧ್ಯಾಹ್ನದ ಪಾಳಿ; ಮುಗಿಸಿ ಹೊರಡುವಾಗ ಹೊತ್ತು ಮುಳುಗಿರುತ್ತದೆ. ಆಮೇಲೆ ನಮ್ಮೂರಿನ ಕಡೆಗೆ ಬಸ್ಸಿಲ್ಲ. ಮೊದಲು ಈ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದವರು ಅವರೇ. ಮಾದಪ್ಪನ ಬೆಟ್ಟದ ತಿರುವುಗಳನ್ನು ಹಾಡು ಹೇಳಿಕೊಂಡು ಇಳಿಸುತ್ತಿದ್ದ ಮನುಷ್ಯ ಈಗ ಎಡಗಡೆಯ ಸೀಟಿಗೆ ಬಂದಿದ್ದಾರೆ. ಯಳಂದೂರಿನ ತವರಿನಲ್ಲಿ ಸೈಕಲ್ಲನ್ನೂ ಸರಿಯಾಗಿ ತುಳಿಯದಿದ್ದ ನಾನು ಸ್ಟೇರಿಂಗು ಹಿಡಿದಿದ್ದೇನೆ.

ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಎಡಗಡೆ ಕಾಣದಿದ್ದರೆ ಏನೂ ಕಾಣದಂತೆಯೇ. ಜನ ನಡೆಯುವುದು, ದನ ಮಲಗುವುದು, ಆನೆ ನಿಲ್ಲುವುದು ಎಲ್ಲ ಅಂಚಿನಲ್ಲೇ. ನಾನು ಎರಡನೇ ಗೇರಿನಲ್ಲಿ ಹೋಗುತ್ತಿದ್ದೆ. ಎಡಗಡೆ ಕಪ್ಪಗೆ ಒಂದು ಬಂಡೆ ಕಂಡಿತು. ಇಲ್ಲೊಂದು ಬಂಡೆ ಇತ್ತೇ ಎಂದುಕೊಳ್ಳುವಷ್ಟರಲ್ಲಿ ಅದು ಕಿವಿ ಆಡಿಸಿತು. ಬಸವೇಶರ ಕಿಟಕಿಯಿಂದ ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರವಿತ್ತು.

"ಆರನ್ ಒಡೀಬ್ಯಾಡ. ನಿಲ್ಲುಸ್ಬ್ಯಾಡ. ಹಿಂಗೇ ಓಗು," ಎಂದರು ಅವರು, ಪಿಸುಮಾತಿನಲ್ಲಿ.

ಹೋದೆ. ಆನೆ ಏನೂ ಮಾಡಲಿಲ್ಲ. ಆದರೆ ಊರು ಸೇರುವವರೆಗೂ ನಾನು ಎರಡನೇ ಗೇರು ಬದಲಿಸಲಿಲ್ಲ.

ಮನೆಯ ಜಗಲಿಯ ಮೇಲೆ ಅತ್ತೆ ಕಾಯುತ್ತಿದ್ದರು. ಒಂದೇ ದೀಪದ ಕಾರು ತಿರುವಿನಲ್ಲಿ ಬರುವುದನ್ನು ಕಂಡವರೇ ಎದ್ದು ನಿಂತು ಕಂಬ ಹಿಡಿದುಕೊಂಡರು. "ಮತ್ತೂ ಎಡಗಣ್ಣೇ ಓಯ್ತಾ?" ಎಂದರು. ಗಂಡಸಿಗೆ ಎಡಗಣ್ಣು ಅದುರಿದರೂ ಕೆಟ್ಟದ್ದೆಂದು ಎಣಿಸುವವರು ಅವರು. ಮಗ ಕೂರುವ ಪಕ್ಕದ ದೀಪವೇ ಮತ್ತೆ ಮತ್ತೆ ಆರುವುದು ಅವರಿಗೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ಆನೆಯ ಸುದ್ದಿ ಕೇಳಿ ಇನ್ನೂ ಹೆದರಿದರು.

ನನ್ನ ಅತ್ತೆ ಚನ್ನಮಲ್ಲಮ್ಮನ ಕೈಗುಣ ಸುತ್ತಿನ ಊರುಗಳಿಗೆಲ್ಲ ಗೊತ್ತು. ಅರಿಸಿನದ ಬಿತ್ತನೆಗೆ ಮೊದಲ ಗಡ್ಡೆಯನ್ನು ಅವರ ಕೈಯಿಂದಲೇ ಇಡಿಸುತ್ತಾರೆ. ಹಾಲು ಕುಡಿಯದ ಕೂಸನ್ನು ತಂದು ಅವರ ತೊಡೆಯ ಮೇಲೆ ಮಲಗಿಸುತ್ತಾರೆ. ಹೊಸ ನೇಗಿಲು, ಹೊಸ ಮೋಟರು, ಹೊಸ ಫೋನು ಏನು ಬಂದರೂ ಅವರ ಮೂರು ಬೆರಳಿನ ವಿಭೂತಿ ಹಚ್ಚಿಸಿಕೊಂಡೇ ಮುಂದಿನ ಕೆಲಸ. ನಾನು ಇದನ್ನೆಲ್ಲ ನಂಬಿದವಳಲ್ಲ. ನಂಬುವುದಿಲ್ಲವೆಂದು ಜಗಳ ಆಡಿದವಳೂ ಅಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಮಿಕ್ಸಿಗೂ ಮೂರು ಪಟ್ಟೆ ಬಿದ್ದಿದ್ದವು. ಅದು ಇವತ್ತಿಗೂ ತಿರುಗುತ್ತಿದೆ, ಏನು ಹೇಳಲಿ!

ಮಗನಿಗೆ ಕಾಯಿಲೆ ಬಂದ ಮೇಲೆ ಅತ್ತೆಗೆ ಉಳಿದದ್ದು ಆ ಕೈಯೊಂದೇ. ನೀರು ಎಷ್ಟು ಕೊಡಬೇಕು, ಉಪ್ಪು ಎಷ್ಟು, ಬಾಳೆಹಣ್ಣು ಯಾಕೆ ಬೇಡ ಎಂಬುದೆಲ್ಲ ನನ್ನ ಪಾಲಾಯಿತು. ಮಗನಿಗೆ ಇಷ್ಟವೆಂದು, ಈ ಕಾಯಿಲೆಗೆ ಕೊಡಬಾರದ ಎಳನೀರನ್ನು ಕೆತ್ತಿ ತಂದು ನನ್ನಿಂದ ಬೈಸಿಕೊಂಡ ದಿನದಿಂದ ಅವರು ಅಡುಗೆಮನೆಯಲ್ಲೂ ಹಿಂದೆ ಸರಿದರು. ಡಯಾಲಿಸಿಸ್‌ಗೆ ಸೂಜಿ ಹಾಕಲು ಅನುಕೂಲವಾಗಲೆಂದು ಮೈಸೂರಿನಲ್ಲಿ ಬಸವೇಶರ ಎಡಗೈಯ ನರ ಕೂಡಿಸಿ ಆಪರೇಷನ್ ಮಾಡಿದ್ದಾರೆ. ಅಲ್ಲಿ ಚರ್ಮದ ಕೆಳಗೆ ರಕ್ತ ಜೋರಾಗಿ ಓಡುವುದು ಬೆರಳಿಟ್ಟರೆ ಗೊತ್ತಾಗುತ್ತದೆ. ಓಟ ನಿಂತರೆ ಡಯಾಲಿಸಿಸ್ ನಡೆಯುವುದಿಲ್ಲ. ಅದಕ್ಕೆ ದಿನಾ ಬೆಳಗ್ಗೆ ನಾನು ಮುಟ್ಟಿ ನೋಡುತ್ತಿದ್ದೆ. ಆದರೆ ಆಪರೇಷನ್ ಆದ ದಿನ ನರ್ಸು ಈ ಕೈ ಒತ್ತಬೇಡಿ, ಭಾರ ಬಿಡಬೇಡಿ ಎಂದಿದ್ದನ್ನು ಕೇಳಿಸಿಕೊಂಡ ಅತ್ತೆ, ಅಂದಿನಿಂದ ಮಗನ ಆ ಕೈಯನ್ನು ಮುಟ್ಟಿಯೇ ಇರಲಿಲ್ಲ.

ಡಯಾಲಿಸಿಸ್ ದಿನ ಹೊರಡುವ ಮುಂಚೆ ಮಗನ ಹಣೆಗೆ ವಿಭೂತಿ ಹಚ್ಚುವುದು ಮಾತ್ರ ಅವರದು. ತಾನು ಹಚ್ಚಿ ಕಳಿಸುವುದರಿಂದಲೇ ಮಗ ಸಂಜೆ ಮನೆಗೆ ಬರುತ್ತಾನೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು.

ಮಾರನೆಯ ದಿನ ಆಸ್ಪತ್ರೆ ಇರಲಿಲ್ಲ. ಬೆಳಗ್ಗೆಯೇ ಬಲ್ಬು ಬದಲಿಸಲು ಕುಳಿತೆ. ಬಸವೇಶರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕಾರಿನ ಮುಂದೆ ಕುಳಿತರು. ಹಿಂದಿನ ಎರಡು ಸಲವೂ ಅವರು ಒಳಗೆ ಮಲಗಿಕೊಂಡೇ ಹೇಳಿಕೊಟ್ಟಿದ್ದರು, ನಾನು ಒಬ್ಬಳೇ ಹಾಕಿದ್ದೆ. ಹಳೆಯ ಬಲ್ಬು ಹೋದಾಗ ಕೊಳ್ಳೇಗಾಲದಲ್ಲಿ ಒಂದು ತಂದೆ. ಅದು ಬೇಗನೆ ಸುಟ್ಟಿತು. ಹನೂರಿನ ಮೆಕ್ಯಾನಿಕ್ಕು ವೈರು, ಫ್ಯೂಸು ಎಲ್ಲ ನೋಡಿ, "ಗಾಡೀಲಿ ಏನೂ ತೊಂದ್ರೆ ಇಲ್ಲ ಕಣಕ್ಕ, ಬಲ್ಬೇ ಡೂಪ್ಲಿಕೇಟು," ಎಂದ. ತವರಿಗೆ ಹೋದಾಗ ಯಳಂದೂರಿನಲ್ಲಿ ಒಳ್ಳೆಯದೇ ಕೊಡಿ ಎಂದು ಕೇಳಿ ಒಂದು ಜೊತೆ ತಂದೆ. ಅದರಲ್ಲಿ ಒಂದು ನಿನ್ನೆ ಹೋಯಿತು. ಇನ್ನೊಂದು ದೇವರ ಗೂಡಿನಲ್ಲಿ, ದೀಪದ ಪಕ್ಕ ಇತ್ತು.

ಬಾನೆಟ್ ಎತ್ತಿ, ಮೂರು ಪಿನ್ನಿನ ಪ್ಲಗ್ಗು ಎಳೆದು, ರಬ್ಬರಿನ ಮುಚ್ಚಳ ತೆಗೆದೆ. ಹಿಂದಿನ ಸ್ಪ್ರಿಂಗು ಒತ್ತಿ ಬಿಡಿಸಿ ಸುಟ್ಟ ಬಲ್ಬನ್ನು ಹೊರಗೆಳೆದು ಅವರ ಕೈಗೆ ಕೊಟ್ಟೆ. ಅವರು ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. ಮತ್ತೆ ತಿರುಗಿಸಿದರು.

"ಇದ್ಯಾಕಮ್ಮಿ ಗಾಜಿನ್ ಮ್ಯಾಲೆ ಪಟ್ಟೆ?"

ನಾನೂ ಬಾಗಿ ನೋಡಿದೆ. ಬೆರಳುದ್ದದ ಆ ಗಾಜಿನ ಮೇಲೆ ಹಾಲು ಬಣ್ಣದ ಮೂರು ಅಡ್ಡ ಗೆರೆ. ಮೇಲೆ ಅಂಟಿದ್ದಲ್ಲ, ಉಗುರಿನಿಂದ ಕೆರೆದರೂ ಬರಲಿಲ್ಲ. ಗಾಜೇ ಅಲ್ಲಿ ಬೆಂದು ಬೆಳ್ಳಗಾಗಿತ್ತು.

"ಒಸದ್ ಎಲ್ಲದೆ, ಕೊಡು."

ಅಷ್ಟರಲ್ಲಿ ಅತ್ತೆಯೇ ಹೊಸ ಬಲ್ಬನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಗಟ್ಟಿಯ ಮೇಲೆ ನೀರು ಚಿಮುಕಿಸಿ, ಬೆರಳು ಉಜ್ಜಿ, ಗಾಜಿನ ಸುತ್ತ ಮೂರು ಪಟ್ಟೆ ನೀಟಾಗಿ ಎಳೆದಿದ್ದರು. ಈ ಸಲ ಕುಂಕುಮವನ್ನೂ ಇಟ್ಟಿದ್ದರು.

ಬಸವೇಶರು ಹೊಸದನ್ನು ನೋಡಿದರು, ಸುಟ್ಟದ್ದನ್ನು ನೋಡಿದರು, ನನ್ನ ಮುಖ ನೋಡಿದರು. "ಹಿಂದ್ಲ ಬಲ್ಬ್‌ಗಳ್ಗೂ ಹಿಂಗೇ ಹಚ್ಚಿದ್ರಾ?"

"ಹಚ್ಚಿದ್ರು. ಹಂಗೇ ಹಾಕ್ದೆ. ದೇವ್ರ ವಿಭೂತಿ, ಒರ್ಸೋಕೆ ಮನ್ಸು ಬರ್ಲಿಲ್ಲ."

"ಈ ಬಲ್ಬ್‌ನ ಗಾಜು ಕೈಲಿ ಮುಟ್ಬಾರದು ಅಂತ ಯೋಳಿರ್ನಿಲ್ವಾ ನಾನು?"

"ಯಾವಾಗ ಯೋಳಿದ್ರಿ?"

ಅವರು ನಗಲು ಶುರು ಮಾಡಿದರು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಕುರ್ಚಿ ಅಲುಗುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅದನ್ನು ನೋಡಿ ನನಗೂ ನಗು ಬಂತು. ಆ ನಗುವಿನಲ್ಲೇ ಅವರು ತಾಯಿಗೆ ಹೇಳಿಬಿಟ್ಟರು: "ಅವ್ವ, ಅಂಗಡಿಯವ್ನೂ ಅಲ್ಲ, ವೈರೂ ಅಲ್ಲ ಕಣವ್ವ. ನಿನ್ ವಿಭೂತಿನೇ ಬಲ್ಬ ಸುಡ್ತಾ ಇರೋದು! ನೀ ಮುಟ್ಟಿದ್ದೆಲ್ಲ ಸುಟ್ಟೋಯ್ತಾ ಅದೆ!"

ಅತ್ತೆ ನಗಲಿಲ್ಲ. ಮಗನ ಕೈಯಿಂದ ಸುಟ್ಟ ಬಲ್ಬನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದರು. ತಮ್ಮ ಮೂರು ಬೆರಳನ್ನು ಆ ಮೂರು ಗೆರೆಯ ಮೇಲೆ ಇಟ್ಟು ನೋಡಿದರು. ಸರಿಯಾಗಿ ಕೂತವು.

"ಅಂಗಾರೆ ಆನೆ ಪಕ್ಕ ನಿಮ್ಮ ತಕಂಡೋಗಿ ನಿಲ್ಸಿದ್ದು ನಾನೇಯ," ಎಂದರು. ಬಲ್ಬನ್ನು ಜಗಲಿಯ ಮೇಲಿಟ್ಟು, ಹಿತ್ತಿಲಿಗೆ ಹೋಗಿ, ಬಹಳ ಹೊತ್ತು ಕೈ ತೊಳೆದರು.

ಬಸವೇಶರ ನಗು ನಿಂತಿತು. "ಅವ್ವ, ಯಾರ್ ಕೈ ಆದ್ರೂ ಅಷ್ಟೇಯ! ಬೆರಳಲ್ಲಿ ಎಣ್ಣೆ ಜಿಡ್ಡು ಇರ್ತದೆ, ಗಾಜು ಕಾದಾಗ ಅಲ್ಲಲ್ಲೇ ಸುಡ್ತದೆ. ಬಟ್ಟೇಲಿ ಹಿಡ್ಕಂಡು ಹಾಕ್ಬೇಕು. ನಂದೇ ತಪ್ಪು, ಸೌಮ್ಯಂಗೆ ಯೋಳ್ಬೇಕಿತ್ತು," ಎಂದು ಕೂಗಿ ಹೇಳಿದರು. ಹಿತ್ತಿಲಿನಲ್ಲಿ ನೀರಿನ ಸದ್ದು ನಡೆದೇ ಇತ್ತು.

ಆಸ್ಪತ್ರೆಯಿಂದ ತಂದಿಟ್ಟಿದ್ದ ಸ್ಪಿರಿಟ್ಟಿನ ಹತ್ತಿಯಿಂದ ಹೊಸ ಬಲ್ಬಿನ ವಿಭೂತಿ, ಕುಂಕುಮ ಎಲ್ಲ ಒರೆಸಿದೆ. ಒಗೆದ ಬಿಳಿ ಬಟ್ಟೆಯಲ್ಲಿ ಹಿಡಿದು ಕೂರಿಸಿ, ಸ್ಪ್ರಿಂಗು ಹಾಕಿ, ಮುಚ್ಚಳ ಒತ್ತಿದೆ. ಸ್ವಿಚ್ಚು ಹಾಕಿದರೆ ಕೊಟ್ಟಿಗೆಯ ಗೋಡೆಯ ಮೇಲೆ ಎರಡು ದುಂಡನೆಯ ಬೆಳಕು. ನೋಡಲು ಬನ್ನಿ ಎಂದು ಅತ್ತೆಯನ್ನು ಕರೆದೆ. ಬರಲಿಲ್ಲ.

ಮಧ್ಯಾಹ್ನ ಪಕ್ಕದ ಹೊಲದ ಕೆಂಪನಂಜಪ್ಪ ಬಂದ. ರಸ್ತೆಗೆ ಅಂಟಿಕೊಂಡ ಅವನ ಹೊಲದಲ್ಲಿ ಅರಿಸಿನಕ್ಕೆ ಸಾಲು ಹೊಡೆದು ಸಿದ್ಧವಾಗಿತ್ತು. "ಅಕ್ಕಾ, ಮಳೆ ಬಿದ್ದು ಮಣ್ಣು ಅದಕ್ಕೆ ಬಂದದೆ. ನಾಳೀಕೆ ಬಂದು ಮೊದ್ಲ ಗಡ್ಡೆ ಇಟ್ಕೊಡು," ಎಂದ.

"ಬ್ಯಾರೆ ಯಾರ ಕೈಲಾರ ಇಡ್ಸಪ್ಪ. ನನ್ ಕೈ ಸರಿ ಇಲ್ಲ," ಎಂದರು ಅತ್ತೆ.

ಅವನು ಅವರ ಕೈ ನೋಡಿದ. ಗಾಯ ಏನೂ ಕಾಣಲಿಲ್ಲ. ಆಮೇಲೆ ನನ್ನ ಮುಖ ನೋಡಿದ. ಸೊಸೆ ಏನೋ ಅಂದಿದ್ದಾಳೆ ಎಂದು ಅವನು ತೀರ್ಮಾನಿಸಿದ್ದು ಸ್ಪಷ್ಟವಾಗಿತ್ತು. ಈ ಊರಿನಲ್ಲಿ ಅತ್ತೆಗೆ ಶೀತವಾದರೂ ಸೊಸೆಯೇ ಕಾರಣ. ಅವನು ಕಾಫಿಯನ್ನೂ ಕುಡಿಯದೆ ಹೋದ.

ಸಂಜೆ ಅವರ ಪಕ್ಕ ಕುಳಿತು ನಾನೇ ಮಾತು ತೆಗೆದೆ. ಬಲ್ಬಿಗೂ ಮನುಷ್ಯರಿಗೂ ಏನು ಸಂಬಂಧ, ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡದು ಮಾಡುವುದೇ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಸಮಾಧಾನ ಹೇಳುವಾಗಲೂ ನನ್ನ ಗಂಟಲು ಜಗಳದ ಗಂಟಲೇ.

ಅತ್ತೆ ತಮ್ಮ ಬಲಗೈಯನ್ನು ಮಡಿಲಲ್ಲಿ ಮಗುಚಿಟ್ಟುಕೊಂಡಿದ್ದರು. "ನಿಮ್ಮಾವನ್ನ ಆಸ್ಪತ್ರೆಗೆ ಕಳ್ಸಾಗ ಇದೇ ಕೈಲಿ ಹಣೆಗೆ ಹಚ್ಚಿ ಕಳ್ಸಿದ್ದೆ ಕಣವ್ವ. ಬರ್ನಿಲ್ಲ ಅವ್ರು. ಇವುನ್ಗೂ ಕೂಸಿಂದ ದಿನಾ ಹಚ್ದೆ. ಏನಾಯ್ತು ನೋಡು. ಊರೋರೆಲ್ಲ ಒಳ್ಳೇ ಕೈ ಅಂದ್ರು, ನಾನೂ ಅಂಗೇ ಅಂದ್ಕಂಡೆ. ಬಲ್ಬಾದ್ರೆ ಗಾಜು, ಸುಟ್ಟದ್ದು ಕಾಣ್ತು. ಒಳುಗ್ ಸುಟ್ಟದ್ದು ಯಾರ್ಗ್ ಕಂಡದೆ?"

ಇವರಿಗೆ ಸಿಟ್ಟು ಬಂದಿದ್ದರೆ ಎದುರಿಸುತ್ತಿದ್ದೆ, ಅತ್ತಿದ್ದರೆ ತಬ್ಬಿಕೊಳ್ಳುತ್ತಿದ್ದೆ. ಲೆಕ್ಕ ಹಾಕಿದವರಂತೆ ತಣ್ಣಗೆ ತಮ್ಮ ಬದುಕನ್ನೆಲ್ಲ ಆ ಒಂದು ಕೈಯ ಮೇಲೆ ಹೊರಿಸಿ ಕುಳಿತವರಿಗೆ ಏನು ಹೇಳುವುದು? ನನಗೆ ಅವತ್ತು ಬಂದದ್ದು ಬರೀ ಕನಿಕರವಲ್ಲ. ಹೆದರಿಕೆ. ಮಾರನೆಯ ದಿನ ಡಯಾಲಿಸಿಸ್ ಇತ್ತು, ಹಣೆಗೆ ಹಚ್ಚಿ ಕಳಿಸಬೇಕಾದವರು ಅವರೇ.

ಬೆಳಗ್ಗೆ ಬಸವೇಶರು ತಲೆ ಬಾಚಿ, ಅಂಗಿ ತೊಟ್ಟು, ಎಂದಿನಂತೆ ದೇವರ ಗೂಡಿನ ಮುಂದೆ ಹೋಗಿ ತಲೆ ಬಗ್ಗಿಸಿ ನಿಂತರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಹೊರಗೆ ಬರಲಿಲ್ಲ.

"ಅವ್ವ, ಒತ್ತಾಯ್ತು."

"ನೀನೇ ಹಚ್ಕ ಮಗ."

"ನಾ ಯಾವತ್ತಾರ ಹಚ್ಕಂಡಿದ್ದೀನಾ?"

"ಸೌಮಿ ಹಚ್ತಾಳೆ. ನಾ ಮುಟ್ಟಕಿಲ್ಲ. ಬ್ಯಾಡ ಕಣ್ಲಾ, ಬಲವಂತ ಮಾಡ್ಬ್ಯಾಡ," ಎಂದವರೇ ಒಳಗೆ ಸರಿದರು.

ಬಸವೇಶರು ಹೊರಗೆ ಬಂದು ಜಗಲಿಯ ಮೇಲೆ ಕುಳಿತರು. ಚಪ್ಪಲಿ ಹಾಕಿಕೊಳ್ಳಲಿಲ್ಲ. "ಖಾಲಿ ಹಣೇಲಿ ನಾ ಓಗಕಿಲ್ಲ," ಎಂದರು.

ಅವರಿಗೆ ಆ ವಿಭೂತಿಯ ಮೇಲೆ ಅಂಥ ದೊಡ್ಡ ನಂಬಿಕೆ ಏನೂ ಇರಲಿಲ್ಲ. ಕಾರು ಹೊರಟ ಮೇಲೆ ಎಷ್ಟೋ ಸಲ ಬೆವರಿನ ಜೊತೆ ಒರೆಸಿಕೊಂಡದ್ದನ್ನು ನಾನೇ ನೋಡಿದ್ದೆ. ಆದರೆ ತಾಯಿಯನ್ನು ಆ ಸ್ಥಿತಿಯಲ್ಲಿ ಬಿಟ್ಟು ಹೋಗಲು ಅವರಿಂದ ಆಗುತ್ತಿರಲಿಲ್ಲ, ಬೇರೆ ಹೇಗೆ ಹೇಳುವುದೋ ಗೊತ್ತಿರಲಿಲ್ಲ. ಪಾಳಿ ತಪ್ಪಿದರೆ ಏನಾಗುತ್ತದೆಂದು ನಮಗಿಬ್ಬರಿಗೂ ಗೊತ್ತಿತ್ತು. ಹಿಂದೊಮ್ಮೆ ರಸ್ತೆಗೆ ಮರ ಬಿದ್ದು ಒಂದು ದಿನ ತಪ್ಪಿತ್ತು. ಮಾರನೆಯ ದಿನ ಕಾಲು ಬಾತು, ಮಲಗಿದರೆ ಉಸಿರು ಸಿಗದೆ, ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡಿದ್ದರು. ಒಳಗೆ ತಾಯಿಯ ಹಟ, ಹೊರಗೆ ಮಗನ ಹಟ, ನಡುವೆ ಕಾರಿನ ಕೀ ಹಿಡಿದ ನಾನು. ನನಗೆ ರೇಗಿತು.

ಅಡುಗೆಮನೆಗೆ ಹೋಗಿ ಅತ್ತೆಯ ಬಲಗೈಯ ಮಣಿಕಟ್ಟು ಹಿಡಿದೆ. "ಬನ್ನಿ ಹೊರಕ್ಕೆ," ಎಂದೆ.

"ಬುಡು ಸೌಮಿ."

"ಬುಡಕಿಲ್ಲ."

ಮದುವೆಯಾದಾಗಿನಿಂದ ನಾನು ಅವರ ಕೈಯನ್ನು ಹಾಗೆ ಹಿಡಿದಿರಲಿಲ್ಲ. ಹಿಡಿದುಕೊಂಡೇ ಜಗಲಿಗೆ ಬಂದೆ. ಬಸವೇಶರ ಎಡಗೈಯ ಅಂಗಿ ಮೇಲೆ ಸರಿಸಿ, ನರ ಹುರಿಯಂತೆ ಉಬ್ಬಿದ ಜಾಗದ ಮೇಲೆ ಅವರ ಮೂರು ಬೆರಳನ್ನು ಇಟ್ಟೆ.

ಅತ್ತೆ ಕಿರುಚಿದರು. "ಅಯ್ಯೋ, ಅದ ಮುಟ್ಬಾರ್ದು ಅಂದವ್ರೆ! ನರ್ಸಮ್ಮ ಅಂದವ್ಳೆ! ಬುಡೇ, ನನ್ ಮಗನ್ನ ಸಾಯಿಸ್ತೀಯಾ?" ಕೈ ಕಿತ್ತುಕೊಳ್ಳಲು ಎಳೆದರು. ನಾನು ಬಿಡಲಿಲ್ಲ.

"ಒತ್ತಬಾರ್ದು ಅಂದದ್ದು ಅತ್ತೆ, ಮುಟ್ಬಾರ್ದು ಅಂತ ಅಲ್ಲ. ಬಲ್ಬು ಮುಟ್ಬಾರ್ದು. ಇದನ್ನ ದಿನಾ ಮುಟ್ಬೇಕು. ಬೆರಳು ಇಟ್ಟು ಸುಮ್ನೆ ನೋಡಿ."

ಅವರು ಎಳೆಯುವುದು ನಿಲ್ಲಿಸಿದರು. ಬಸವೇಶರು ತಾಯಿಯ ಮುಖವನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅತ್ತೆಯ ಹುಬ್ಬು ಮೇಲೆದ್ದಿತು.

"ಇದೇನ್ಲಾ ಮಗ, ಒಳಗೆ ಜುಮ್ ಅಂತ ಅದೆ? ಜೇನು ಕುಂತಂಗೆ?"

"ರಕ್ತ ಓಡ್ತಾ ಅದೆ ಅವ್ವ. ಅದು ಓಡ್ತಾ ಇರಗಂಟ ನಾ ಇರ್ತೀನಿ."

"ನಾ ಮುಟ್ಟದ್ಕೆ ನಿಂತೋಗಕಿಲ್ವಾ?"

"ನೀ ಮುಟ್ಟೇ ಇದ್ದೀಯಲ್ಲ. ನಿಂತದಾ, ನೋಡು."

ಅವರು ನೋಡಿದರು. ಕಣ್ಣು ಮುಚ್ಚಿಕೊಂಡು, ತಲೆ ಓರೆ ಮಾಡಿ, ಬಹಳ ಹೊತ್ತು ನೋಡಿದರು. ನಾನು ಅವರ ಮಣಿಕಟ್ಟು ಬಿಟ್ಟದ್ದು ಅವರಿಗೆ ಗೊತ್ತೇ ಆಗಲಿಲ್ಲ. ಬೆರಳು ಅಲ್ಲೇ ಇದ್ದವು. ಎರಡು ವರ್ಷದಿಂದ ಮುಟ್ಟದೆ ಇದ್ದ ಕೈ ಅದು. ಅವರೇ ಹೆತ್ತು, ಎಣ್ಣೆ ಹಚ್ಚಿ, ನೀರು ಹಾಕಿ ಬೆಳೆಸಿದ ಕೈ. ಕಾರಿನ ಕಡೆಗೆ ಮುಖ ತಿರುಗಿಸಿದೆ.

"ಸುಡ್ತಾ ಇಲ್ಲ," ಎಂದರು ಅತ್ತೆ, ತಮಗೇ ಹೇಳಿಕೊಂಡಂತೆ. ಆಮೇಲೆ ನನ್ನನ್ನು ಕೇಳಿದರು, "ದಿನಾ ನೋಡ್ಬೇಕಾ?"

"ದಿನಾ ಬೆಳಗ್ಗೆ. ಇನ್ಮುಂದೆ ನೀವೇ ನೋಡಿ. ನಿಂತದ್ದು ಕಂಡ್ರೆ ತಕ್ಷಣ ನಂಗೆ ಯೋಳ್ಬೇಕು. ತಡ ಮಾಡಂಗಿಲ್ಲ."

ಅವರು ಒಳಗೆ ಹೋದರು. ಹಿಂದಕ್ಕೆ ಬಂದಾಗ ಮೂರು ಬೆರಳು ಬೆಳ್ಳಗಿದ್ದವು. ಬಸವೇಶರು ತಲೆ ಬಗ್ಗಿಸಿದರು. ಹಚ್ಚುವ ಮುಂಚೆ ಅತ್ತೆ ಒಂದು ಗಳಿಗೆ ತಡೆದು ನನ್ನ ಕಡೆ ನೋಡಿದರು, ಸರಿಯೇ ಎಂದು ಕೇಳುವವರಂತೆ. ನಾನು, "ಬೇಗ ಹಚ್ಚಿ, ಪಾಳಿ ತಪ್ಪೋಯ್ತದೆ," ಎಂದು ಗದರಿದೆ.

ಆಸ್ಪತ್ರೆ ತಲುಪಿದಾಗ ನಮ್ಮ ಹೆಸರು ಕೂಗುತ್ತಿದ್ದರು. ಅವತ್ತು ಎಲ್ಲ ಎಂದಿನಂತೆಯೇ ನಡೆಯಿತು. ಮಧ್ಯದಲ್ಲಿ ಬಿ.ಪಿ. ಇಳಿದು ಅವರು ಒಮ್ಮೆ ವಾಂತಿ ಮಾಡಿಕೊಂಡರು. ಹೊರಟಾಗ ಹೊತ್ತು ಮುಳುಗಿತ್ತು. ದಾರಿಯಲ್ಲಿ ಎರಡೂ ದೀಪದ ಬೆಳಕಿನಲ್ಲಿ ಹುಣಸೆಮರಗಳು, ಮೋರಿಯ ಕಟ್ಟೆ, ಬಿಳಿ ಗೆರೆ ಎಲ್ಲ ತಂತಮ್ಮ ಜಾಗದಲ್ಲಿ ಇದ್ದವು. ಆನೆ ಇರಲಿಲ್ಲ.

ಊರು ಹತ್ತಿರವಾದಾಗ, "ಸ್ವಲ್ಪ ನಿಲ್ಸು," ಎಂದರು ಬಸವೇಶ.

ನಿಲ್ಲಿಸಿದೆ. ಎಡಗಡೆಯ ದೀಪದ ಬೆಳಕು ಕೆಂಪನಂಜಪ್ಪನ ಹೊಲದ ಮೂಲೆಯ ಮೇಲೆ ಬಿದ್ದಿತ್ತು. ಹೊಲದ ತುಂಬ ಹೊಸ ಮಣ್ಣು ಮುಚ್ಚಿದ ಸಾಲುಗಳು. ಮೊದಲ ಸಾಲಿನ ತುದಿಯಲ್ಲಿ ಒಡೆದ ತೆಂಗಿನಕಾಯಿಯ ಹೋಳು, ಉರಿದು ಮುಗಿದ ಊದುಬತ್ತಿ. ಪಕ್ಕದಲ್ಲಿ ನೆಟ್ಟ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ಮೂರು ಬೆರಳಿನ ವಿಭೂತಿ, ಬೆಳ್ಳಗೆ.

"ಅವ್ವ ಬಂದವ್ಳೆ," ಎಂದರು ಅವರು. ನಾನು ಗೇರು ಹಾಕಿದೆ.